ರಾಜಕಾಲುವೆ ಪಕ್ಕದ ಮನೆ

ಬೆಂಗಳೂರಿನ ಬಿಸಿನೆಸ್ ಸ್ಕೂಲೊಂದರಲ್ಲಿ ಚೌಡಮ್ಮ ಅಟೆಂಡರ್. ಅಲ್ಲೇ ಬ್ಯಾಂಕ್ ಸಾಲ, ಸೈಟುಗಳ ಬೆಲೆ ಮೇಲೆ ಸಂಶೋಧನೆ ಮಾಡುತ್ತಿದ್ದ ಪ್ರೊಫೆಸರ್ ವಾಮನಮೂರ್ತಿಗಳಿಗೆ ಅವಳ ಪುಟ್ಟ ಮನೆಯ ಮೇಲೆ ಕಣ್ಣು. ಮಳೆನೀರು ಹರಿಯುವ ರಾಜಕಾಲುವೆಯ ದಡದಲ್ಲಿ ಅದು ಅವರ ಬಂಗಲೆಯ ಕಾಂಪೌಂಡಿಗೇ ಅಂಟಿಕೊಂಡಿತ್ತು.

"ನೋಡಮ್ಮ, ಎರಡು ವರ್ಷದಲ್ಲಿ ರಾಜಕಾಲುವೆ ಪಕ್ಕದ ಜಾಗಕ್ಕೆ ಅರ್ಧ ಬೆಲೆಯೂ ಇರೋದಿಲ್ಲ. ನನ್ನ ಸಂಶೋಧನೆ ಹೇಳುತ್ತೆ. ಈಗಲೇ ನನಗೆ ಮಾರಿಬಿಡು," ಎಂದರು.

ಚೌಡಮ್ಮನಿಗಿದ್ದದ್ದು ಅದೊಂದೇ ಸೂರು. ಆದರೂ ನಗುತ್ತಲೇ ಕೈಮುಗಿದಳು.

"ಆಗಲಿ ಸಾರ್. ಅದನ್ನೇ ಒಂದು ಹಾಳೇಲಿ ಬರೆದು ಸೈನ್ ಹಾಕಿಕೊಡಿ."

"ಯಾರಿಗೆ ತೋರಿಸೋಕೆ?"

"ನಿಮ್ಮ ಬಂಗಲೆ ಮೇಲೆ ಸಾಲ ಕೊಡೋಕೆ ನಾಳೆ ಬ್ಯಾಂಕಿನವರು ಬರ್ತಾರಲ್ಲ, ಅವರಿಗೆ. ಕಾಲುವೆ ಇಬ್ಬರಿಗೂ ಒಂದೇ ಅಲ್ವಾ ಸಾರ್?"

ಬರೆಯಲೆಂದು ತೆರೆದಿದ್ದ ಪೆನ್ನಿಗೆ ಪ್ರೊಫೆಸರರು ಮೆಲ್ಲಗೆ ಮುಚ್ಚಳ ಹಾಕಿದರು.

"ಸಂಶೋಧನೆ ಇನ್ನೂ ಮುಗಿದಿಲ್ಲ ಕಣಮ್ಮ. ಬೆಲೆ ಏರಿದರೂ ಏರಬಹುದು."

"ಹಾಗಾದರೆ ಏರಲಿ ಸಾರ್," ಎಂದಳು ಚೌಡಮ್ಮ. "ನನಗೇನೂ ಅವಸರವಿಲ್ಲ."