ಮುಚ್ಚಿಟ್ಟ ಕೊಡದ ನೀರು

"ಗುರುಗಳೇ, ಎರಡು ವಿದ್ಯೆಗಳನ್ನು ಒಟ್ಟಿಗೆ ಕಲಿಯುವುದು ತಪ್ಪೇ?" ಎಂದು ನೀಲಾಂಬಿಕೆ ಕೇಳಿದಳು.

ಅವಳು ಆರೋಗ್ಯ ವಿಜ್ಞಾನದ ಪದವಿ ಓದುತ್ತಿದ್ದಳು. ಕೊನೆಯ ವರ್ಷದಲ್ಲೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪಾಠಗಳನ್ನೂ ಸೇರಿಸಿಕೊಂಡರೆ ಒಂದು ವರ್ಷ ಉಳಿಯುತ್ತದೆ ಎಂದು ಕಾಲೇಜಿನವರು ಹೇಳಿದ್ದರು. ಅರ್ಜಿಗೆ ಮರುದಿನವೇ ಕಡೆಯ ದಿನ. ಅಪ್ಪ ಸೇರು ಅಂದಿದ್ದರು. ಅವ್ವ, ಎರಡು ದೋಣಿಯಲ್ಲಿ ಕಾಲಿಡಬೇಡ ಅಂದಿದ್ದಳು. ನೀಲಾಂಬಿಕೆಗೆ ಆಸೆಯೂ ಇತ್ತು, ಅಳುಕೂ ಇತ್ತು.

"ಕೂತುಕೋ. ನಿನ್ನ ಅರ್ಜಿ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿ ಕಲಿಯಲು ಬಂದವರು ಮೂರು ವರ್ಷ ರೋಗಿಗಳ ಪಕ್ಕ ಕೂತು ನಾಡಿ ಹಿಡಿಯಬೇಕು. ಆಮೇಲೆ ಎರಡು ವರ್ಷ ಊರಿನ ಬಾವಿ, ಚರಂಡಿಗಳನ್ನು ನೋಡುತ್ತ ಬೀದಿ ಸುತ್ತಬೇಕು. ಅದು ಅಲ್ಲಿಯ ಪದ್ಧತಿ. ಒಮ್ಮೆ ಒಬ್ಬ ಶಿಷ್ಯ ಬಂದ. ಭಾರಿ ಚುರುಕು. ಬೆಳಿಗ್ಗೆ ನಾಡಿ, ಮಧ್ಯಾಹ್ನ ಬಾವಿ, ಮೂರೇ ವರ್ಷಕ್ಕೆ ಎರಡನ್ನೂ ಮುಗಿಸುತ್ತೇನೆ ಅಂದ. ವೈದ್ಯ ಆಗಲಿ ಅಂದ. ಶಿಷ್ಯ ಆಡಿದಂತೆ ಮಾಡಿ ತೋರಿಸಿದ. ಎರಡರಲ್ಲೂ ಅವನದೇ ಮೇಲುಗೈ.

ಮೂರನೆಯ ವರ್ಷ ನೇಕಾರರ ಬೀದಿಯಲ್ಲಿ ವಾಂತಿಭೇದಿ ಹಬ್ಬಿತು. ಬೆಳಿಗ್ಗೆ ಶಿಷ್ಯ ಒಬ್ಬ ನೇಕಾರನ ಮನೆಗೆ ಹೋದ. ಮಗಳು ಮಲಗಿದ್ದಳು. ನಾಡಿ ನೋಡಿ ಪುಡಿ ಕೊಟ್ಟ. ದಿನಕ್ಕೆ ಮೂರು ಹೊತ್ತು ನೀರಿನಲ್ಲಿ ಕದಡಿ ಕುಡಿಸಿ ಎಂದು ತಾಯಿಗೆ ಹೇಳಿದ. ಮಧ್ಯಾಹ್ನ ಆ ಬೀದಿಯ ಬಾವಿಗೆ ಹೋದ. ಚರಂಡಿಯ ನೀರು ಒಳಗೆ ಬಸಿಯುತ್ತಿತ್ತು. ಒಡನೆಯೇ ಬಾವಿಯ ಬಾಯಿಗೆ ಮುಳ್ಳು ಹೊದಿಸಿ, ಯಾರೂ ಸೇದಕೂಡದೆಂದು ಡಂಗುರ ಹಾಕಿಸಿದ. ಬೀದಿಯಲ್ಲಿ ರೋಗ ಇಳಿಯಿತು. ಜನ ಅವನನ್ನು ಹಾಡಿ ಹೊಗಳಿದರು.

ಮೂರನೆಯ ದಿನ ಆ ಹುಡುಗಿ ತೀರಿಕೊಂಡಳು.

ವೈದ್ಯ ಶಿಷ್ಯನನ್ನು ಕರೆದುಕೊಂಡು ಆ ಮನೆಗೆ ಹೋದ. ಒಂದು ಹೊತ್ತೂ ತಪ್ಪದೆ ಪುಡಿ ಕುಡಿಸಿದ್ದೆ ಎಂದು ತಾಯಿ ಅತ್ತಳು. ಮೂಲೆಯಲ್ಲಿ ಬಟ್ಟೆ ಕಟ್ಟಿದ ಒಂದು ಕೊಡವಿತ್ತು. ಇದು ಯಾವ ನೀರಮ್ಮ ಎಂದು ವೈದ್ಯ ಕೇಳಿದ.

"ಮುಳ್ಳು ಹೊದಿಸುವ ಮುಂಚೆ ಸೇದಿದ್ದು ಸ್ವಾಮಿ. ಬಾವಿ ಮುಚ್ಚಿದರಲ್ಲ, ಮಗುವಿನ ಔಷಧಿಗೆ ಬೇಕಾಗುತ್ತದೆ ಎಂದು ಜೋಪಾನವಾಗಿ ಎತ್ತಿಟ್ಟಿದ್ದೆ," ಅಂದಳು ಆಕೆ.

ಶಿಷ್ಯ ಆ ಕೊಡವನ್ನು ಎತ್ತಿ ಹೊರಗೆ ಚೆಲ್ಲಿದ. ಕೊಟ್ಟ ಪುಡಿಯೂ ಸರಿಯಾಗಿತ್ತು, ಬಾವಿ ಮುಚ್ಚಿಸಿದ್ದೂ ಸರಿಯಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ ಎದ್ದು ನಿಂತಳು.

"ತಿಳಿಯಿತು ಗುರುಗಳೇ. ಎರಡನ್ನೂ ಒಟ್ಟಿಗೆ ಕಲಿತದ್ದೇ ಅವನ ತಪ್ಪು. ನಾನು ಅರ್ಜಿ ಹಾಕುವುದಿಲ್ಲ," ಅಂದಳು.

ಗುರುಗಳು ಅವಳ ಮುಖ ನೋಡಿದರು.

"ಬೆಳಿಗ್ಗೆ ಒಂದನ್ನು ಕಲಿತ, ಮಧ್ಯಾಹ್ನ ಇನ್ನೊಂದನ್ನು ಕಲಿತ, ಒಟ್ಟಿಗೆ ಕಲಿತದ್ದು ಯಾವಾಗ ತಾಯಿ?"