ಸೊನ್ನೆಯ ಭಾರ

ಧಾರವಾಡದ ಒಂದು ಸ್ಟುಡಿಯೊದಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು. ರೆಕಾರ್ಡಿಸ್ಟ್ ಶಿವಯೋಗಿ ಯಾವುದೋ ಗವಿಯಲ್ಲಿ ಒಂದು ಚಪ್ಪಾಳೆ ತಟ್ಟಿ, ಆ ಮಾರ್ದನಿಯನ್ನು ಹಿಡಿದು ತಂದು ಕಂಪ್ಯೂಟರಿನೊಳಗೆ ಇಟ್ಟಿದ್ದ. ಕಂಪ್ಯೂಟರಿಗೆ ದನಿಯ ಕಣವೆಂದರೆ ಒಂದು ಅಂಕಿ. ಹಾಡಿನ ಒಂದೊಂದು ಕಣವನ್ನೂ ಮಾರ್ದನಿಯ ಲಕ್ಷಾಂತರ ಕಣಗಳಿಂದ ಗುಣಿಸಿ ಕೂಡಿಸಿದರೆ, ಹಾಡು ಗವಿಯಲ್ಲೇ ಹಾಡಿದಂತೆ ಕೇಳುತ್ತಿತ್ತು. ಗುಣಿಸಿ ಗುಣಿಸಿ ಕಂಪ್ಯೂಟರಿನ ಮೈ ಕೆಂಡವಾಗಿತ್ತು.

"ಸ್ವಲ್ಪ ಸುಧಾರಿಸಿಕೋ," ಎಂದಿತು ಮಾರ್ದನಿ. "ಹಾಡುವ ಅಕ್ಕ ಚಹಾ ಕುಡಿಯಲು ಹೋಗಿ ಅರ್ಧ ತಾಸಾಯಿತು."

"ಮೈಕ್ ತೆರೆದೇ ಇದೆಯಲ್ಲ. ಹಾಡಿಲ್ಲದ ಹೊತ್ತೆಲ್ಲ ಸೊನ್ನೆಗಳಾಗಿ ಬರುತ್ತಲೇ ಇದೆ."

"ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ."

"ಅದು ನನಗೂ ಗೊತ್ತು," ಎಂದು ಕಂಪ್ಯೂಟರ್ ಏದುಸಿರು ಬಿಟ್ಟಿತು. "ಆದರೂ ಗುಣಿಸದೆ ಹೇಗೆ ಬಿಡಲಿ? ಸುಮ್ಮನೆ ಕೂತಿದೆ ಎಂದು ಯಾರಾದರೂ ಅಂದಾರು."

"ನಮ್ಮ ಗವಿ ಕೂಗಿದರೆ ಓಗೊಡುತ್ತಿತ್ತು, ಕೂಗದಿದ್ದರೆ ಸುಮ್ಮನಿರುತ್ತಿತ್ತು. ಅದನ್ನು ಯಾರೂ ಸೋಮಾರಿ ಎನ್ನಲಿಲ್ಲ."

ಕಂಪ್ಯೂಟರ್ ಸೊನ್ನೆಗಳನ್ನು ಗುಣಿಸುತ್ತಲೇ ಇತ್ತು.

ಗಾಯಕಿ ನೀಲಾಂಬಿಕೆ ಚಹಾ ಮುಗಿಸಿ ಬಂದು ಆಲಾಪ ಶುರುಮಾಡಿದಳು. ಮೊದಲ ಸ್ವರಕ್ಕೇ ಕಂಪ್ಯೂಟರ್ ತೊದಲಿತು, ಎರಡನೆಯದಕ್ಕೆ ನಿಂತೇ ಹೋಯಿತು.

"ಈ ಗವಿ ದನಿ ಭಾಳ ಭಾರ ಆತ್ರಿ ಇದಕ್ಕ," ಎಂದಳು ಆಕೆ. "ತಗದುಬಿಡ್ರಿ, ಬರೇ ಹಾಡಷ್ಟ ಇರ್ಲಿ."

ಶಿವಯೋಗಿ ಕಂಪ್ಯೂಟರನ್ನು ಮತ್ತೆ ಎಬ್ಬಿಸಿ, ಮಾರ್ದನಿಯನ್ನು ಅಳಿಸತೊಡಗಿದ. ಹೋಗುವ ಮುನ್ನ ಅದು ಕಂಪ್ಯೂಟರಿಗೆ ಮೆಲ್ಲಗೆ ಅಂದಿತು: "ಭಾರ ನನ್ನದಾಗಿರಲಿಲ್ಲ, ತಮ್ಮಾ. ಸೊನ್ನೆಯದಾಗಿತ್ತು."