ಸೆರೆಮನೆಯ ಹೊಸ್ತಿಲಲ್ಲಿ ಕುಳಿತ ರಾಣಿ

ಶ್ರೀ ನಿರ್ವಾಣಯ್ಯನವರು ಹುಟ್ಟಿನಿಂದ ಕುಂಬಾರರು. ಊರೆಲ್ಲ ಗುರುಗಳೆಂದು ಕೈಮುಗಿಯತೊಡಗಿದ ಮೇಲೂ ಅವರು ಮಡಕೆ ಮಾಡುವ ತಿಗರಿ ಬಿಡಲಿಲ್ಲ. ಹುಲಿಮಂದಿ ಕೋಟೆಯ ಕೆಳಗಿನ ಕುಂಬಾರಗೇರಿಯಲ್ಲಿ ಒಂದು ಹುಲ್ಲಿನ ಚಪ್ಪರ, ಅದೇ ಅವರ ಮಠ. ದರ್ಶನಕ್ಕೆ ಬಂದವರು ಹಸಿ ಮಡಕೆಗಳ ನಡುವೆ ಜಾಗ ಮಾಡಿಕೊಂಡು ಕೂರಬೇಕಿತ್ತು. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಾಗೆ ಜಾಗ ಮಾಡಿಕೊಂಡು ಕುಳಿತವರು ಆ ಸಂಸ್ಥಾನದ ಕಿರಿಯ ರಾಣಿ ಗೌರಾಜಮ್ಮಣ್ಣಿಯವರು.

ಹುಲಿಮಂದಿಯ ಅರಮನೆಯಲ್ಲಿ ಪಟ್ಟ ಕಟ್ಟುವುದಕ್ಕೂ ಕಣ್ಣು ಕೀಳುವುದಕ್ಕೂ ಒಂದೇ ಮುಹೂರ್ತ. ದೊರೆ ಬೊಮ್ಮರಸ ನಾಯಕರ ತಂದೆ ಒಡಹುಟ್ಟಿದ ತಮ್ಮನ ಕಣ್ಣು ಕೀಳಿಸಿ ಗದ್ದುಗೆ ಏರಿದ್ದರು. ಬೊಮ್ಮರಸರೂ ಅಣ್ಣನಿಗೆ ಅದನ್ನೇ ಮಾಡಿದ್ದರು. ಈಗ ಸರದಿ, ತೀರಿಹೋದ ಹಿರಿಯ ರಾಣಿಯ ಮಗ ಓಬಳರಾಜನದು. ಮಗ ತನ್ನ ಮೇಲೆ ಸಂಚು ಹೂಡಿದ್ದಾನೆಂದು ಯಾರೋ ಊದಿದ ಮಾತಿಗೆ ದೊರೆ ಅವನನ್ನು ಸೆರೆಗೆ ಹಾಕಿದ್ದರು. ಅಂದು ಮಧ್ಯಾಹ್ನ ಅವನ ಕಣ್ಣಿಗೆ ಕಾದ ಸಲಾಕೆ. ಮರುದಿನ ಗೌರಾಜಮ್ಮಣ್ಣಿಯವರ ಮಗ ಮುದ್ದರಾಜನಿಗೆ ಯುವರಾಜ ಪಟ್ಟ.

ರಾಣಿಗೆ ಗುರುಗಳಲ್ಲಿ ಅಂಥ ನಂಬಿಕೆ ಇರಲಿಲ್ಲ. ಆದರೂ ಮಗನ ತಲೆಗೆ ಈ ಪಾಪ ಸುತ್ತಿಕೊಳ್ಳಬಾರದೆಂಬ ಭಯ. ರೇಷ್ಮೆ ವಸ್ತ್ರ, ಬೆಳ್ಳಿಯ ಹರಿವಾಣ ಮುಂದಿಟ್ಟು, ತಾವು ಯಾರಿಗೂ ಕೇಡು ಬಗೆದವರಲ್ಲ, ದೊರೆಗಳ ಅಪ್ಪಣೆಗೆ ಎದುರಾಡುವ ಶಕ್ತಿ ತಮಗಿಲ್ಲ, ಏನಾದರೊಂದು ಪರಿಹಾರ ಅನುಗ್ರಹಿಸಬೇಕು ಎಂದು ಬೇಡಿಕೊಂಡರು.

ಗುರುಗಳು ತಿಗರಿ ನಿಲ್ಲಿಸಿದರು. ಹರಿವಾಣದ ಕಡೆ ನೋಡಲೇ ಇಲ್ಲ.

"ಪರಿಹಾರ ನನ್ನ ಹತ್ತಿರ ಇಲ್ಲ, ತಾಯಿ. ಆ ಹುಡುಗನ ಸೆರೆಯ ಬಾಗಿಲಲ್ಲಿದೆ."

"ಅಲ್ಲಿ ಹೋಗಿ ನಾನೇನು ಮಾಡಲಿ, ಸ್ವಾಮಿ?"

"ಕೂತುಕೊಳ್ಳಿ. ಎಬ್ಬಿಸಿದರೂ ಏಳಬೇಡಿ."

ರಾಣಿಗೆ ಸಿಟ್ಟೇ ಬಂತು. ಹೇಳುವವರಿಗೇನು, ಕಳೆದುಕೊಳ್ಳುವವಳು ತಾನು ಎಂದುಕೊಂಡರು. ಅಷ್ಟರಲ್ಲಿ ಗುರುಗಳು ಕೈ ತೊಳೆದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೋಟೆಯ ಮೆಟ್ಟಿಲಿನತ್ತ ಹೊರಟೇಬಿಟ್ಟಿದ್ದರು. ಎಪ್ಪತ್ತು ದಾಟಿದ ಆ ಬೆನ್ನನ್ನೇ ನೋಡುತ್ತ ಕ್ಷಣಹೊತ್ತು ನಿಂತ ರಾಣಿ, ಹರಿವಾಣವನ್ನು ಅಲ್ಲೇ ಬಿಟ್ಟು ಅವರ ಹಿಂದೆ ನಡೆದರು.

ಮಧ್ಯಾಹ್ನ ದೊರೆಗಳು ಬಂದಾಗ ಸೆರೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ರಾಣಿ ಕುಳಿತಿದ್ದರು. ಪಕ್ಕದಲ್ಲಿ ಗುರುಗಳು ಕಣ್ಣು ಮುಚ್ಚಿ ಜಪದಲ್ಲಿದ್ದರು. ಕೆಂಡದ ಅಗ್ಗಿಷ್ಟಿಕೆ ಹೊತ್ತು ತಂದಿದ್ದ ಆಳು ಅದನ್ನು ಕೆಳಗಿಟ್ಟು ದೂರ ಸರಿದು ನಿಂತ. ದೊರೆ ಗದರಿಸಿದರು; ಅವನು ತಲೆ ತಗ್ಗಿಸಿದನೇ ಹೊರತು ಮುಂದೆ ಬರಲಿಲ್ಲ. ಕಡೆಗೆ ದೊರೆಗಳೇ ಸಲಾಕೆ ಕೈಗೆತ್ತಿಕೊಂಡರು.

"ಏಳು. ನಿನ್ನ ಮಗನಿಗಾಗಿಯೇ ಇದನ್ನೆಲ್ಲ ಮಾಡುತ್ತಿರುವುದು."

ರಾಣಿ ಹೊಸ್ತಿಲಿನಿಂದ ಕದಲಲಿಲ್ಲ.

"ಒಳಗಿರುವವನೂ ನನ್ನ ಮಗನೇ. ಮೊದಲು ನನ್ನ ಕಣ್ಣು ತೆಗೆಯಿರಿ. ಆಮೇಲೆ ನೀವು ಏನು ಮಾಡಿದರೂ ನನಗೆ ಕಾಣುವುದಿಲ್ಲ."

ದೊರೆ ಮೇಲೆತ್ತಿದ ಕೈ ಮೇಲೆಯೇ ನಿಂತಿತು. ಕಬ್ಬಿಣದ ಕೆಂಪು ಆರಿ ಕಪ್ಪಾಯಿತು. ಆಮೇಲೆ ಅವರು ಸಲಾಕೆ ಬಿಸುಟು, ನೀನೂ ಒಳಗಿರುವವನೂ ಇಬ್ಬರೂ ಅರಮನೆ ಬಿಟ್ಟು ತೊಲಗಿ ಎಂದು ಹೇಳಿ ಹಿಂದಿರುಗಿ ನೋಡದೆ ಹೋದರು. ರಾಣಿ ಬಾಗಿಲು ತೆರೆಸಿ ಓಬಳರಾಜನ ಕೈ ಹಿಡಿದು ಮೆಟ್ಟಿಲಿಳಿದರು.

ಆ ತಾಯಿ ಮತ್ತೆ ಕೋಟೆ ಹತ್ತಲಿಲ್ಲ. ಗುರುಗಳ ಚಪ್ಪರದ ಪಕ್ಕದಲ್ಲೇ ಓಬಳರಾಜನೊಂದಿಗೆ ಗುಡಿಸಲು ಹಾಕಿಕೊಂಡು ಮಣ್ಣು ತುಳಿದರು, ಬಂದ ಭಕ್ತರಿಗೆ ಗಂಜಿ ಕಾಯಿಸಿದರು. ಆರು ತಿಂಗಳಾದ ಮೇಲೆ ಸ್ವಂತ ಮಗ ಮುದ್ದರಾಜನೇ ತಂದೆಯ ಸಂದೇಶ ಹೊತ್ತು ಬಂದ. ಕುಂಬಾರನು ಮಂಕುಬೂದಿ ಎರಚಿ ಬುದ್ಧಿ ಕೆಡಿಸಿದನೆಂದು ಸಭೆಯಲ್ಲಿ ಒಂದು ಮಾತು ಹೇಳಿದರೆ ಸಾಕು, ರಾಣಿವಾಸ ಮತ್ತೆ ಅವರದೇ ಎಂದು ದೊರೆಗಳು ಹೇಳಿಕಳುಹಿಸಿದ್ದರು.

ಗೌರಾಜಮ್ಮಣ್ಣಿಯವರು ಮಗನ ಮುಖವನ್ನು ಕಣ್ತುಂಬ ನೋಡಿದರು.

"ಗುರುಗಳು ಏನೂ ಎರಚಲಿಲ್ಲಪ್ಪ. ಅರಮನೆಯಲ್ಲಿದ್ದ ಇಪ್ಪತ್ತು ವರ್ಷ ಆ ಬೂದಿಯನ್ನು ನನಗೆ ನಾನೇ ಎರಚಿಕೊಂಡಿದ್ದೆ. ನಿನ್ನ ತಂದೆಗೆ ಹಾಗೆಯೇ ಹೇಳು."

ಮುದ್ದರಾಜ, ಕೈಗೆ ಮಣ್ಣು ಮೆತ್ತಿಕೊಂಡು ಅಲ್ಲೇ ನಿಂತಿದ್ದ ಅಣ್ಣ ಓಬಳರಾಜನ ಕಾಲು ಮುಟ್ಟಿ ನಮಸ್ಕರಿಸಿ, ಆ ಉತ್ತರ ಹೊತ್ತು ಕೋಟೆಯ ಮೆಟ್ಟಿಲು ಹತ್ತಿದ.